ಶೇಖಮ್ಮ ಶಾಲೆಗೆ ಸೇರಿದ್ದು

ರಾಯಚೂರು
೧೪ ಜುಲೈ ೧೯೭೯

ಪ್ರೀತಿಯ ಯಮನಮ್ಮಾ,

ಕಾಲಿನ ಬಾವು ಇಳಿಯಿತೇ? ಊಟ ಸೇರುತ್ತಿದೆಯೇ? ಹೆರಿಗೆಗೆಂದು ದೇವದುರ್ಗದ ತವರಿಗೆ ಹೋದಮೇಲೆ ನಿನ್ನಿಂದ ಒಂದೇ ಕಾಗದ ಬಂತು. ಅದರಲ್ಲೂ ನಿನ್ನ ವಿಷಯ ಎರಡು ಸಾಲು, ಉಳಿದದ್ದೆಲ್ಲ ಮಗಳ ಚಿಂತೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಶೇಖಮ್ಮನಿಗೆ ಪಕ್ಕದ ಮನೆಯ ಅನ್ವರಿ ಬೇಗಂ ಜಡೆ ಹಾಕುತ್ತಾರೆ. ನಾನು ಹಾಕಿದರೆ ಮಧ್ಯಾಹ್ನದೊಳಗೆ ಬಿಚ್ಚಿಹೋಗುತ್ತದೆ.

ಈಗ ಸುದ್ದಿ ಕೇಳು. ನಮ್ಮ ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಹೋದ ವರ್ಷ ಕರೆದೊಯ್ದಾಗ ಆ ಹೆಡ್‌ಮಾಸ್ತರರು, "ಮಾತು ಬಂದಿಲ್ಲ, ಬುದ್ಧಿ ಬೆಳೆದಿಲ್ಲ, ಇಂಥಾಕಿಗೆ ಸಾಲಿ ಯಾಕ್ರಿ" ಎಂದದ್ದಕ್ಕೆ ನೀನು ದಾರಿಯುದ್ದಕ್ಕೂ ಅತ್ತಿದ್ದೆ. ಈ ಸಲ ಬೇರೆ ಶಾಲೆಗೆ ಹೋದೆ. ಅಲ್ಲಿನ ವಾಹಿದಾ ಟೀಚರ್ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಸ್ವಲ್ಪ ಹೊತ್ತು ನೋಡಿದರು. "ಕಲೀತಾಳೋ ಇಲ್ಲೋ ನನಗೂ ಗೊತ್ತಿಲ್ರಿ. ಕುಂಡ್ರಲಿ, ನೋಡೂಣು" ಎಂದರು. ನನಗೆ ಅಷ್ಟೇ ಸಾಕಾಗಿತ್ತು. ಮೊದಲ ದಿನ ಹತ್ತಿ ಗಿರಣಿಗೆ ರಜೆ ಹಾಕಿ, ಶಾಲೆಯ ಗೋಡೆಯಾಚೆ ಬೇವಿನ ಮರದ ಕೆಳಗೆ ಕೂತೆ. ಅವಳು ಕಿರುಚುತ್ತಾಳೆ, ಟೀಚರ್ ಕರೆಯುತ್ತಾರೆ ಎಂದು ಕಾದೆ. ಯಾರೂ ಕರೆಯಲಿಲ್ಲ. ಉಪ್ಪಿಟ್ಟು ಹಂಚುವ ಹೊತ್ತಿಗೆ ಇಣುಕಿದರೆ, ಹೊಸದಾಗಿ ಸೇರಿದ್ದ ಒಂದು ಪುಟ್ಟ ಹುಡುಗಿ ಅವ್ವ ಬೇಕೆಂದು ಅಳುತ್ತಿದ್ದಳು. ಶೇಖಮ್ಮ ತನ್ನ ತಟ್ಟೆಯಿಂದ ತುತ್ತು ತೆಗೆದು ಅವಳ ಬಾಯಿಗಿಡುತ್ತಿದ್ದಳು, ನೀನು ಉಣಿಸುವ ಹಾಗೆಯೇ, ಮೊದಲು ಊದಿ, ಆಮೇಲೆ ಗಲ್ಲ ಹಿಡಿದು. ಇಷ್ಟು ವರ್ಷ ಇವಳ ತಲೆಗೆ ಏನೂ ಹೋಗುವುದಿಲ್ಲ ಎಂದುಕೊಂಡಿದ್ದೆವಲ್ಲ ಯಮನಮ್ಮಾ. ಅಕ್ಷರ ಇನ್ನೂ ಬಂದಿಲ್ಲ, ಸ್ಲೇಟು ಮಾತ್ರ ಒಡೆದಿದ್ದಾಳೆ. ಆದರೆ ಬೆಳಿಗ್ಗೆ ಚೀಲ ಹಿಡಿದು ನನಗಿಂತ ಮೊದಲು ಬಾಗಿಲಲ್ಲಿ ನಿಂತಿರುತ್ತಾಳೆ.

ಭಾರ ಎತ್ತಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ತಾಯಣ್ಣ

ತಾ.ಕ.: ಈ ಕಾಗದ ಕೊಟ್ಟು ಕಳಿಸಬೇಕಾದ ದೇವದುರ್ಗದ ಬಸ್ಸು ಹೊರಡುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕೂಸು ಹುಟ್ಟಿದ ಮೇಲೆ ಶೇಖಮ್ಮನನ್ನು ಕಲ್ಮಲದ ಚಿಕ್ಕಮ್ಮನ ಮನೆಯಲ್ಲಿ ಬಿಡಿ ಎಂದು ಅತ್ತೆಯವರು ಹೇಳಿಕಳಿಸಿದ್ದಾರೆ. ಬಿಡುವುದಿಲ್ಲ. ಅವಳು ನಮ್ಮಲ್ಲೇ ಇರುತ್ತಾಳೆ. ಅವರಿಗೆ ನೀನೇ ಮೆತ್ತಗೆ ಹೇಳು. ಮತ್ತೆ, ಊರಿಗೆ ಹೋಗುವಾಗ "ಇದೂ ಹಂಗ ಹುಟ್ಟಿದ್ರ ಏನ್ ಮಾಡೂಣು" ಎಂದು ಕೇಳಿದೆಯಲ್ಲ, ಅದಕ್ಕೆ ಈಗ ಹೇಳುತ್ತೇನೆ. ಹುಟ್ಟಿದರೆ ಹುಟ್ಟಲಿ. ಈ ಸಲ ನಾವು ಅಷ್ಟು ಹೆದರುವುದಿಲ್ಲ.