ಅಮ್ಮ ಹುರಿದ ಪುಡಿ

9 ಜನವರಿ 2008, ಕುರುಗೋಡು

ಎದ್ದು ಹಲ್ಲಿಗೆ ಪುಡಿ ಹಚ್ಚಿಕೊಂಡು, ಉಗುಳಿ, ಕಟ್ಟೆ ಗುಡಿಸಿದೆ. ಚಹಾ ಕುದಿಯುವಷ್ಟರಲ್ಲಿ ಮತ್ತೆ ಕೆಂಪು ದೂಳು. ಅದಿರಿನ ಲಾರಿಗಳು ಒಂದೇ ಸಮ. ನಮ್ಮ ಮನೆಯವರೂ ಟಿಪ್ಪರ್ ಓಡಿಸುತ್ತಾರೆ, ಇನ್ನು ಬೈಯುವುದು ಯಾರನ್ನು?

ಮೊದಲ ಕೂಸು ಈ ದೂಳಿಗೇ ಹೋಯಿತು. ಎಲ್ಲರೂ ಹಾಗೇ ಅನ್ನುತ್ತಾರೆ. ಅಂಗೈಯಷ್ಟಿತ್ತು, ವಾರ ಉಳಿಯಲಿಲ್ಲ. ಈಗ ಮತ್ತೆ ಆರು ತಿಂಗಳು. ಹೆದರಿಕೆ... ಯಾರಿಗೂ ಹೇಳಿಲ್ಲ. ಮೂಗಿಗೆ ಓಢಣಿ ಕಟ್ಟಿಕೊಂಡೇ ಅಡುಗೆ ಮಾಡುತ್ತೇನೆ. ಇವರಿಗೆ ನಗು. "ಖುಷ್ಬೂ, ಯಾರ ಮನಿ ದೋಚಾಕ ಹೊಂಟೀ?"

17 ಜನವರಿ, ಸಿರುಗುಪ್ಪ

ಏಳರಲ್ಲಿ ತವರಿಗೆ ಬರಬೇಕಾದವಳು ಹಟ ಮಾಡಿ ಈಗಲೇ ಬಂದೆ. ಸುತ್ತ ಭತ್ತದ ಗದ್ದೆ. ದೂಳಿಲ್ಲ. ಎದೆ ತುಂಬ ಉಸಿರೆಳೆದುಕೊಂಡೆ.

ಅಮ್ಮ ಹೊಸ ಡಬ್ಬಿ ತುಂಬಿ ಇಟ್ಟಿದ್ದಳು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಕುಟ್ಟಿ, ಬಟ್ಟೆಯಲ್ಲಿ ಸೋಸಿದ್ದು. ನಮ್ಮ ಮನೆಯಲ್ಲಿ ಹಲ್ಲುಪುಡಿ ಎಂದೇ ಅದರ ಹೆಸರು. ಮೊದಲ ಬಸಿರಲ್ಲಿ ವಾಂತಿ ನಿಲ್ಲದಾಗ ಅಮ್ಮನೇ ಹಚ್ಚಿದ್ದಳು. ನಿಂತಿತು. ಅಮ್ಮನಿಗೆ ಅವಳ ತಾಯಿ, ನಮ್ಮ ನಾನಿ, ಹಚ್ಚಿದ್ದಳಂತೆ. ಬೆಳಿಗ್ಗೆ ಒಮ್ಮೆ ಇದ್ದದ್ದು ಈಗ ಊಟಕ್ಕೊಮ್ಮೆ, ಚಹಾಕ್ಕೊಮ್ಮೆ, ಸುಮ್ಮನೆ ಕೂತರೂ ಒಮ್ಮೆ.

4 ಫೆಬ್ರವರಿ, ಬಳ್ಳಾರಿಗೆ ಹೋಗಿ ಬಂದು

ಸ್ಕ್ಯಾನಿಂಗ್ ಆಯಿತು. ಕೂಸು ಸಣ್ಣದಿದೆ. ಮತ್ತೆ ಸಣ್ಣದು.

ಡಾಕ್ಟರಮ್ಮ ಕೇಳಿದರು, "ಬೀಡಿ, ಗುಟ್ಕಾ, ತಂಬಾಕು — ಏನಾರ ಚಟ ಐತೇನಮ್ಮ?" ನನಗೆ ನಗು ಬಂತು. "ಇಲ್ರಿ ಮೇಡಂ, ಅವೆಲ್ಲ ಗಂಡಸರದ್ದು." ಸುಳ್ಳಲ್ಲ, ಹಾಗೆಂದೇ ತಿಳಿದಿದ್ದೆ. ದೂಳಿನ ಕಥೆ ಹೇಳತೊಡಗಿದೆ. ಅವರು ಬಾಯಿ ತೆಗೆಸಿ ಬ್ಯಾಟರಿ ಬಿಟ್ಟರು.

"ಒಸಡು ಯಾಕ ಕಪ್ಪಗಾಗ್ಯಾವ?"

"ಹಲ್ಲುಪುಡಿ ರೀ."

"ಯಾತರದ್ದು?"

ಹೇಳಿದೆ. ಹೇಳುವಾಗ ನನ್ನ ಮಾತು ನನಗೇ ಬೇರೆಯಾಗಿ ಕೇಳಿಸಿತು.

"ದೂಳು ಕೆಟ್ಟದ್ದು, ಖರೇ. ಆದ್ರ ಇದನ್ನ ಬಾಯಾಗ ಇಟ್ಕೊಂಡು ದೂಳಿಗೆ ಹೆದರ್ತೀಯಲ್ಲಮ್ಮ. ಇದರ ವಿಷ ರಕ್ತದಾಗ ಕೂಡಿ ಕೂಸಿಗೆ ಮುಟ್ತೈತಿ. ಕೂಸು ಬೆಳಿಯಂಗಿಲ್ಲ. ದಿನ ತುಂಬದ ಹುಟ್ಟಬಹುದು, ಹೊಟ್ಟ್ಯಾಗ ಹೋಗಲೂಬಹುದು."

"ಮೊದಲಿಂದು ಇದಕ್ಕೇ ಹೋತೇನ್ರಿ?"

"ಹೌದಂತ ಹೇಳಾಕ ಬರಂಗಿಲ್ಲ. ಅಲ್ಲಂತಾನೂ ಹೇಳಂಗಿಲ್ಲ."

ಅಮ್ಮ ಹೊರಗೆ ಬೆಂಚಿನ ಮೇಲಿದ್ದಳು. ಎಲ್ಲಾ ಚೆನ್ನಾಗಿದೆ ಅಂದೆ.

6 ಫೆಬ್ರವರಿ

ತಲೆ ಸಿಡಿಯುತ್ತಿದೆ. ಕೈ ತಾನಾಗೇ ಡಬ್ಬಿಯ ಕಡೆ ಹೋಗುತ್ತದೆ.

ಅಮ್ಮ: "ಮಾರಿ ಯಾಕ ಬಾಡೇತಿ? ಒಂದು ಚಿಟಿಕಿ ಹಚ್ಚು, ಎಲ್ಲಾ ಸರಿ ಹೋಗತೈತಿ."

ಬಾಯಿ ಹುಣ್ಣು ಅಂದೆ. ಹುಣ್ಣಿಗೂ ಅದೇ ಔಷಧವಂತೆ. ಅಮ್ಮನ ವೈದ್ಯದಲ್ಲಿ ಎಲ್ಲ ರೋಗಕ್ಕೂ ಒಂದೇ ಡಬ್ಬಿ.

7 ಫೆಬ್ರವರಿ

ಹಚ್ಚಿಕೊಂಡೆ. ಬಚ್ಚಲಲ್ಲಿ ನಿಂತು, ಕಳ್ಳಿಯ ಹಾಗೆ. ತಲೆನೋವು ಹೋಯಿತು. ಅಳು ನಿಲ್ಲಲಿಲ್ಲ. ಎಂಥ ತಾಯಿ ನಾನು.

2 ಮಾರ್ಚ್

ಅವತ್ತಿನಿಂದ ಮುಟ್ಟಿಲ್ಲ. ಚಟ ಬಿಟ್ಟಿತು, ಭಯ ಬಿಡಲಿಲ್ಲ. ಕೂಸು ಒದೆಯುವುದು ಸ್ವಲ್ಪ ತಡವಾದರೆ ಸಾಕು, ಜೀವ ಬಾಯಿಗೆ ಬರುತ್ತದೆ.

ಫೋನಿನಲ್ಲಿ ಇವರಿಗೆ ಎಲ್ಲ ಹೇಳಿದೆ. "ನಾನೂ ಗುಟ್ಕಾ ಬಿಡ್ತೀನಿ, ನಿನ್ನಾಣಿ" ಅಂದರು. ಅನ್ನುವಷ್ಟರಲ್ಲೇ ಪಾಕೀಟು ಹರಿದ ಸದ್ದು.

ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ? ಪ್ರೀತಿಯಿಂದ ಕೊಟ್ಟಿದ್ದು.

14 ಮಾರ್ಚ್, ಮಧ್ಯಾಹ್ನ

ಬೆಳಿಗ್ಗೆಯಿಂದ ಕೂಸು ಮಿಸುಕಿಲ್ಲ. ಸೊಂಟದಲ್ಲಿ ನೋವು ಬಂದು ಬಂದು ಹೋಗುತ್ತಿದೆ. ಎಂಟು ಈಗ ತಾನೇ ತುಂಬಿದೆ. ಪಕ್ಕದ ಮನೆಯ ಹೊನ್ನೂರಮ್ಮ ಆಟೋ ತರಲು ಹೋಗಿದ್ದಾಳೆ. ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ ಬೆರಳಿಗೆ ಪುಡಿ ತಗೊಂಡು ಬಂದಳು. "ಹಚ್ಚತೀನಿ ಬಾ, ಬ್ಯಾನಿ ತಡಕೊಳ್ಳಾಕ ಬಲ ಬರತೈತಿ." ಕೈ ತಳ್ಳಿಬಿಟ್ಟೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತಳು. ನನಗಿಂತ ಮೊದಲು ಅವಳಿಗೆ ಎರಡು ಹುಟ್ಟಿ ಹೋಗಿದ್ದವು. ದೃಷ್ಟಿ ತಗುಲಿತು ಅನ್ನುತ್ತಿದ್ದಳು.

"ಆ ಎರಡೂ ಸಣ್ಣವೇ ಇದ್ವು," ಅಂದಳು. "ನಾನಿ ದಿನಾ ಹಚ್ಚತಿದ್ಲು ನನಗ." ಆಮೇಲೆ ನನ್ನ ಮುಖ ನೋಡಿದಳು. "ಹಂಗಾರ ಖುಷ್ಬೂ, ನಿನ್ನ ಮೊದಲಿನ ಕೂಸಿಗೆ ನಾನೇ..."

ಎದ್ದು ಬಂದು ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಳು. "ಈಗ ಒದೀತು, ಗೊತ್ತಾತೇನಮ್ಮ?" ಅಂದೆ. ಹೂಂ ಅಂದಳು. ಕಣ್ಣೊರೆಸಿಕೊಂಡು ಬಟ್ಟೆಗಂಟು ಕಟ್ಟಲು ಹೋದಳು.

ಒದ್ದಿಲ್ಲ. ಈಗಲೂ ಕೈ ಇಟ್ಟುಕೊಂಡೇ ಇದ್ದೇನೆ. ಆಟೋ ಬಂದ ಸದ್ದು. ಯಾ ಅಲ್ಲಾ, ಒಂದೇ ಒಂದು ಸಲ —