ಡಿಸ್ಕ್ ಅಳಿಸಬೇಕೇ?

ಮಾರ್ಚ್ ೩, ಸೋಮವಾರ

ಇವಳನ್ನ ಮಗ್ಗುಲು ತಿರುಗಿಸಿ, ಬೆನ್ನಿಗೆ ಪೌಡರ್ ಹಾಕಿ, ಟ್ಯೂಬ್‌ನಲ್ಲಿ ಹಾಲು ಬಿಟ್ಟು, ಲ್ಯಾಪ್‌ಟಾಪ್ ಎದುರಿಗೆ ತಂದಿಟ್ಟೆ. ಕಪ್ಪು. ಬಟನ್ ಒತ್ತಿದೆ. ಕಂಪನಿ ಹೆಸರು ಬಂತು, ಮತ್ತೆ ಕಪ್ಪು. ನಿನ್ನೆ ಸಂಜೆ ಅದೇನೋ ಅಪ್‌ಡೇಟ್ ಅಂತ ತಿರುಗ್ತಾ ಇತ್ತು, ಅಷ್ಟರಲ್ಲಿ ಕರೆಂಟ್ ಹೋಯ್ತು. ಅದರ ಬ್ಯಾಟರಿ ಸತ್ತು ಯಾವ ಕಾಲವಾಯ್ತೋ.

ಇವಳು ಮಾತಾಡೋದೇ ಅದರಿಂದ. ಅಕ್ಷರದ ಸಾಲುಗಳ ಮೇಲೆ ಬೆಳಕು ಓಡುತ್ತೆ. ಬೇಕಾದ ಸಾಲು ಬಂದಾಗ ಇವಳ ತೋರುಬೆರಳು ಸ್ವಿಚ್ ಒತ್ತುತ್ತೆ, ಆಮೇಲೆ ಅಕ್ಷರ, ಆಮೇಲೆ ಮುಂದಿನದು. ವಾಕ್ಯ ಮುಗಿದರೆ ಲ್ಯಾಪ್‌ಟಾಪ್ ಗಟ್ಟಿಯಾಗಿ ಓದುತ್ತೆ. ಇಡೀ ಮೈಯಲ್ಲಿ ಕಣ್ಣು, ಹುಬ್ಬು ಬಿಟ್ಟರೆ ಅಲ್ಲಾಡೋದು ಆ ಒಂದು ಬೆರಳು. ಅದೂ ಎಷ್ಟು ದಿನವೋ ಹೇಳೋಕಾಗಲ್ಲ ಅಂದಿದ್ದಾರೆ ಡಾಕ್ಟರು.

ಸದ್ಯಕ್ಕೆ ಹಳೇ ಬೋರ್ಡ್ ಅಟ್ಟದಿಂದ ಇಳಿಸಿದೆ. ಬೋರ್ಡ್ ಬರೆಯೋದೇ ನನ್ನ ಕಸುಬು, ಇದೂ ನಾನೇ ಎನಾಮಲ್ ಬಣ್ಣದಲ್ಲಿ ಬರೆದದ್ದು — ಸ್ವರ ಕೆಂಪು, ವ್ಯಂಜನ ಕಪ್ಪು, ಅಕ್ಷರಕ್ಕೆಲ್ಲ ನೆರಳು ಬೇರೆ. ನಾನು ಬೆರಳಿಡಬೇಕು, ಇವಳು ರೆಪ್ಪೆ ಹೊಡೀಬೇಕು. ಬೋರ್ಡ್ ಕಂಡರೆ ಇವಳಿಗೆ ಆಗಲ್ಲ. ಇವತ್ತೂ ಮುಖ ಗಂಟು ಹಾಕ್ಕೊಂಡಳು, ಅಂದರೆ ಹುಬ್ಬು. ಮುಖದಲ್ಲಿ ಈಗ ಗಂಟು ಬೀಳೋದು ಅಲ್ಲಿ ಮಾತ್ರ.

ಲ್ಯಾಪ್‌ಟಾಪ್ ಕೊಟ್ಟ ಸಂಸ್ಥೆಗೆ ಫೋನ್ ಮಾಡಿದೆ. ಒಬ್ಬ ಮೇಡಂ ಸಿಕ್ಕರು, ಒಳ್ಳೇ ಹೆಂಗಸು. ಬೇರೆ ಲ್ಯಾಪ್‌ಟಾಪ್ ಬೇಕಂದ್ರೆ ಎರಡು ತಿಂಗಳು ಕಾಯಬೇಕಂತೆ. ಅಂಗಡಿಯಿಂದ ತಂದದ್ದಕ್ಕೆ ಈ ಸ್ವಿಚ್ ಹಿಡಿಸಲ್ಲವಂತೆ. ಅವರದೇ ಸಿಸ್ಟಂ ಇದೆ, ಲಿಂಕ್ ಕಳಿಸ್ತೀವಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹೊಸದಾಗಿ ಕೂರಿಸಿ ಅಂದರು. ಬೂಟ್ ಅಂದರೆ ನನಗೆ ಗೊತ್ತಿದ್ದದ್ದು ಕಾಲಿಗೆ ಹಾಕೋದು. ಹೂಂ ಅಂದೆ.

ಮಾರ್ಚ್ ೪

ಇವಳ ತಂಗಿ ಆಫೀಸಿನಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ತಂದಳು. ಚುಚ್ಚಿದೆ. ಬಿಳೀ ಅಕ್ಷರದಲ್ಲಿ ಬೂಟ್ ಮಾಡೋ ಸಾಧನ ಯಾವುದೂ ಇಲ್ಲ ಅಂತ ಬಂತು. ಕಿತ್ತು ಚುಚ್ಚಿದೆ. ಎಡಗಡೆ ಚುಚ್ಚಿದೆ, ಬಲಗಡೆ ಚುಚ್ಚಿದೆ. ಅದೇ ರಾಗ.

"ಭಾವ, ಫೈಲ್ ಸರಿಯಾಗಿಯೇ ಇದೆ. ನನ್ನ ಕಂಪ್ಯೂಟರ್‌ನಲ್ಲಿ ಕಾಣ್ತಿತ್ತು."

"ನಿನ್ನ ಕಂಪ್ಯೂಟರ್‌ಗೆ ಕಂಡು ಏನಮ್ಮಾ ಪ್ರಯೋಜನ, ಕಾಣಬೇಕಾದ ಕುರುಡಂಗೆ ಕಾಣಲಿಲ್ಲವಲ್ಲ!"

ಮೇಡಂಗೆ ಫೋನ್ ಮಾಡಿದೆ, ನಕ್ಕರು. ಹಾಗೇ ಕಾಪಿ ಮಾಡಬಾರದಂತೆ. ಒಂದು ಪ್ರೋಗ್ರಾಂ ಇದೆ, ಅದರಿಂದ ಫೈಲ್ ಬಿಚ್ಚಿ ಡ್ರೈವ್ ಮೇಲೆ ಬರೆಸಬೇಕಂತೆ. ಅಂದರೆ ನಾವು ಮಾಡಿದ್ದು ಬೀಜದ ಪ್ಯಾಕೆಟ್ ಹರಿಯದೆ ಹಾಗೇ ಹೂತಿಟ್ಟ ಹಾಗಾಯ್ತು. ಇವಳಿಗೆ ಹೇಳಿದೆ. ಕಣ್ಣಲ್ಲಿ ನಕ್ಕಳು. ಆ ನಗು ನೋಡಿ ಎಷ್ಟು ದಿನವಾಗಿತ್ತು.

ಮಾರ್ಚ್ ೫

ಬರೆಸಿದ್ದಾಯ್ತು. ಈಗ ಬೂಟ್ ಆಗೋ ಸಾಧನಗಳ ಪಟ್ಟಿಯಲ್ಲಿ ಪೆನ್‌ಡ್ರೈವೇ ಇಲ್ಲ. ಆನ್ ಮಾಡ್ತಿದ್ದ ಹಾಗೆ ಎಫ್-ಹನ್ನೆರಡು ಟಪಟಪ ಒತ್ತಬೇಕು, ಮೆನು ಬರುತ್ತೆ, ಅದರಲ್ಲಿ ಸೆಕ್ಯೂರ್ ಬೂಟ್ ಅಂತ ಒಂದು ಕಾವಲು ಇದೆ, ಅದನ್ನ ಆಫ್ ಮಾಡಬೇಕು. ಮೇಡಂ ಫೋನಲ್ಲಿ ಒಂದೊಂದಾಗಿ ಹೇಳಿದರು. ಅವರು ಒಂದು ಹೇಳಿದರೆ ನಾನು ಇನ್ನೊಂದು ಒತ್ತಿದೆ. ಎಲ್ಲಿಗೋ ಹೋಗಿ ಗಡಿಯಾರ ಬದಲಾಯಿಸಿ ಬಂದೆ.

ಹಿಂದಿನಿಂದ ಇವಳ ಗಂಟಲಿನ ಸದ್ದು. ಬೋರ್ಡ್ ಹಿಡಿದೆ. ರ... ಇ... ಅಂದರೆ "ರೀ". ಅದನ್ನ ಬಿಡು ಮಾರಾಯ್ತಿ, ರೆಪ್ಪೆ ದಂಡ ಅಂತ ಎಷ್ಟು ಸಲ ಹೇಳಿದರೂ ಬಿಡಲ್ಲ. ಮುಂದಿನದು: ಓದಿ ಒತ್ತಿ.

ಓದಿ ಒತ್ತಿ! ಹೆರಿಗೆ ವಾರ್ಡಿನ ಸಿಸ್ಟರ್ ಅಲ್ಲವೇ. ಇಡೀ ಮಹಡಿ ಕೇಳಿಸೋ ಹಾಗೆ ಗದರಿಸುತ್ತಿದ್ದ ಗಂಟಲು ಇವಳದು. ಬಾಣಂತಿಯರ ಗಂಡಂದಿರು ಇವಳನ್ನ ಕಂಡರೆ ಗೋಡೆ ಪಕ್ಕ ಸರಿಯುತ್ತಿದ್ದರು. ನಾನೂ ಸರಿದಿದ್ದೀನಿ.

ಓದಿ ಒತ್ತಿದೆ. ಡ್ರೈವ್ ಪಟ್ಟಿಗೆ ಬಂತು. ಶುರುವಾಯ್ತು, ಅರ್ಧಕ್ಕೆ ನಿಂತಿತು. ಫೈಲ್ ಕೆಟ್ಟಿದೆಯಂತೆ. ತಂಗಿ ಮತ್ತೆ ಆಫೀಸಿಗೆ ತಗೊಂಡು ಹೋದಳು. ಸಂಜೆ ಫೋನ್: "ಭಾವ, ಪೆನ್‌ಡ್ರೈವೇ ನಕಲಿ. ಮೇಲೆ ಅರವತ್ತನಾಲ್ಕು ಜಿಬಿ ಅಂತ ಬರೆದಿದೆ, ಒಳಗೆ ನಾಲ್ಕೂ ಇಲ್ಲ." ಅದನ್ನ ಮಾರಿದ ಫುಟ್‌ಪಾತಿನವನು ಟೋಪಿ ಹಾಕಿದ್ದಾನೆ. ಅವನ ಮೇಲೆ ರೇಗೋಣ ಅಂದರೆ ಆ ಜಾಗದಲ್ಲಿ ಈಗ ಛತ್ರಿ ಮಾರೋನು ಕೂತಿದ್ದಾನಂತೆ.

ಇವಳ ಬೆರಳು ಬರೀ ಹಾಸಿಗೆ ಮೇಲೆ ಒತ್ತುತ್ತಾ ಇತ್ತು. ಸ್ವಿಚ್ ಇಲ್ಲ, ಏನಿಲ್ಲ. ಅಭ್ಯಾಸ ಬಿಡಬಾರದು ಅಂತ ಇರಬೇಕು.

ಮಾರ್ಚ್ ೬. ಮಧ್ಯಾಹ್ನ

ಬಂತು.

ಹೊಸ ಡ್ರೈವ್. ಮೊದಲ ಸಲಕ್ಕೇ ಬಂತು. ನೀಲಿ ಪರದೆ, ಭಾಷೆ ಯಾವುದು ಅಂತ ಕೇಳಿತು, ಕನ್ನಡ ಒತ್ತಿದೆ. ಮುಂದೆ, ಮುಂದೆ, ಮುಂದೆ... ಆಮೇಲೆ ಇದು.

ಡಿಸ್ಕ್‌ನಲ್ಲಿರುವ ಎಲ್ಲವನ್ನೂ ಅಳಿಸಲಾಗುವುದು. ಮುಂದುವರಿಸಬೇಕೇ?

ಒಳಗೆ ಇವಳ ದನಿ ಇದೆ. ಕಾಯಿಲೆ ಗೊತ್ತಾದ ವರ್ಷ ಗಂಟಲು ಹೋಗೋ ಮೊದಲು ಒಂದು ತಿಂಗಳು ಕೂತು ರೆಕಾರ್ಡ್ ಮಾಡಿದ್ದು. ಪೇಪರ್ ಓದಿದ್ದು, ಬೈದದ್ದು, ತಂಗಿ ಜೊತೆ ಹರಟಿದ್ದು, "ಉಸಿರು ಬಿಗಿ ಹಿಡಿ ತಾಯೀ, ತಳ್ಳು" ಅಂತ ವಾರ್ಡಿನ ಹಾಗೇ ಕೂಗಿ ತೋರಿಸಿ ತಾನೇ ನಕ್ಕಿದ್ದು. ಕಾಪಿ ಮಾಡಿಟ್ಕೋ ಭಾವ ಅಂತ ತಂಗಿ ಬಡ್ಕೊಂಡಳು. ನಾಳೆ ನಾಳೆ ಅಂದೆ. ಇವಳು ಸ್ನಾನಕ್ಕೆ ಹೋದಾಗಲೆಲ್ಲ — ಅಂದರೆ ನರ್ಸಮ್ಮ ಬಂದು ಒರೆಸೋ ಹೊತ್ತಲ್ಲಿ — ಒಂದೊಂದು ಹಾಕ್ಕೊಂಡು ಕೇಳ್ತಿದ್ದೆ. ಇವಳಿಗೆ ಗೊತ್ತಿಲ್ಲ. ಗೊತ್ತಿದೆಯೇನೋ.

ಮೇಡಂಗೆ ಫೋನ್. ಅಳಿಸದೆ ಆಗಲ್ಲ ಅಂದರು. ಡಿಸ್ಕ್‌ಗೆ ಬೀಗ ಇದೆ, ಹಳೇ ಸಿಸ್ಟಂ ಸತ್ತಾಗ ಅದರ ಕೀಯೂ ಅದರ ಜೊತೆ ಹೋಯ್ತು.

ಆಫ್ ಮಾಡಿದೆ.

ಇವಳು ನೋಡ್ತಾ ಇದ್ದಳು. ಪರದೆ ಅವಳ ಕಡೆಗೆ ಇರಲಿಲ್ಲ.

"ಆಗಲಿಲ್ಲ ಕಣೇ," ಅಂದೆ. "ಇದೂ ಪೆನ್‌ಡ್ರೈವ್ ಸರಿಯಿಲ್ಲ."

ಮಾರ್ಚ್ ೭

ಲ್ಯಾಪ್‌ಟಾಪ್ ಎತ್ಕೊಂಡು ರಿಪೇರಿಯವನ ಹತ್ತಿರ ಹೋದೆ. ಇವಳಿಗೆ ಶಾಲೆ ಗೋಡೆ ಬರೆಯೋಕೆ ಹೋಗ್ತೀನಿ ಅಂದೆ. ಬ್ರಷ್ ಡಬ್ಬಿಯನ್ನೂ ಹಿಡ್ಕೊಂಡು ಹೋದೆ, ನಾಟಕ ಪೂರ್ತಿ ಇರಲಿ ಅಂತ.

ರಿಪೇರಿಯವನು ಹಿಂದುಗಡೆ ಬಿಚ್ಚಿ ನೋಡಿ ತಲೆ ಆಡಿಸಿದ. ಡಿಸ್ಕ್ ಬಿಚ್ಚಿ ಬೇರೆ ಹಾಕೋ ಹಾಗಿಲ್ಲ, ಒಳಗಿನ ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. "ನನಗೆ ಗೊತ್ತಿರೋ ಒಬ್ಬರಿದ್ದಾರೆ, ಕಳಿಸಿ ನೋಡೋಣ. ಗ್ಯಾರಂಟಿ ಕೊಡಲ್ಲ."

"ಎಷ್ಟು ದಿನ?"

"ಅರ್ಜೆಂಟ್ ಇದೆಯಾ?"

ಇಲ್ಲ ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಕೊಟ್ಟು ಬಂದೆ.

ಮನೆಗೆ ಬಂದಾಗ ಇವಳು ನನ್ನ ಕೈ ನೋಡಿದಳು. ಬಣ್ಣದ ಒಂದು ಹನಿ ಇರಲಿಲ್ಲ.

ಮಾರ್ಚ್ ೧೨

ಬರೆಯೋಕೆ ಮುಖವಿರಲಿಲ್ಲ.

ದಿನಾ ಒಂದು ಸುಳ್ಳು. ಮೇಡಂ ಊರಲ್ಲಿಲ್ಲ. ತಂಗಿಗೆ ಲೆಕ್ಕ ಮುಗಿಸೋ ಸಮಯ, ಪುರುಸೊತ್ತಿಲ್ಲ. ಲಿಂಕ್ ಕೆಟ್ಟಿದೆ. ಇವಳು ಬೋರ್ಡ್ ಕೇಳೋದನ್ನೂ ಬಿಟ್ಟಳು. ಸುಮ್ಮನೆ ಫ್ಯಾನ್ ನೋಡ್ತಾಳೆ.

ಇವತ್ತು ರಿಪೇರಿಯವನು ವಾಪಸ್ ಕೊಟ್ಟ. "ಬೀಗ ಒಡೆಯೋಕಾಗಲ್ಲವಂತೆ ಯಜಮಾನ್ರೇ. ಯಾರ ಕೈಲೂ ಆಗಲ್ಲವಂತೆ." ದುಡ್ಡು ಬೇಡ ಅಂದ. ನನ್ನ ಮುಖ ಹಾಗಿತ್ತು ಅನ್ಸುತ್ತೆ.

ಮನೇಲಿ ತಂಗಿ ಕೂತಿದ್ದಳು. ಇವಳ ಬೆರಳನ್ನ ತನ್ನ ಅಂಗೈ ಮೇಲಿಟ್ಟುಕೊಂಡಿದ್ದಳು. "ಭಾವ, ಇಲ್ಲಿ ಬಾ. ಒತ್ತುತ್ತಾ ಇದೀನಿ ಅಂತಾಳೆ ಅಕ್ಕ. ನನಗೆ ಗೊತ್ತೇ ಆಗ್ತಿಲ್ಲ."

ನಾನೂ ಅಂಗೈ ಇಟ್ಟೆ. ಹೋದ ವಾರ ಚೆನ್ನಾಗಿ ತಾಗ್ತಿತ್ತು. ಈಗ ಇರುವೆ ಹರಿದ ಹಾಗೆ.

ತಂಗಿ ಹೋದಮೇಲೆ ಬೋರ್ಡ್ ಹಿಡಿದೆ. ರೆಪ್ಪೆ. ರೆಪ್ಪೆ. ಒತ್ತಕ್ಷರ, ದೀರ್ಘ ಎಲ್ಲ ಇವಳು ಬಿಟ್ಟುಬಿಡ್ತಾಳೆ, ನಾನೇ ತುಂಬಿಸಿಕೋಬೇಕು. ಇವತ್ತು ಒಂದನ್ನೂ ಬಿಡಲಿಲ್ಲ. ರೀ. ಸುಳ್ಳು.

ಹೇಳಿಬಿಟ್ಟೆ. ಎಲ್ಲಾ. ಡ್ರೈವ್ ಆವತ್ತೇ ಕೆಲಸ ಮಾಡಿತ್ತು ಅಂತ, ಅಳಿಸೋಕೆ ಕೈ ಬರಲಿಲ್ಲ ಅಂತ. "ನಿನ್ನ ದನಿ ಕಣೇ ಅದು. ಇನ್ನೆಲ್ಲಿಂದ ತರಲಿ ನಾನು? ನಾಳೆ ನನಗೆ ಏನಿರುತ್ತೆ?" ಮಕ್ಕಳ ಹಾಗೆ ಅತ್ತೆ. ಇವಳ ಕಣ್ಣಲ್ಲೂ ನೀರು. ಒರೆಸಿದೆ, ಅವಳದು ಮೊದಲು.

ಆಮೇಲೆ ಬೋರ್ಡ್. ಬಹಳ ಹೊತ್ತು ಹಿಡೀತು.

ನಾನು ಇನ್ನೂ ಇದ್ದೀನಲ್ಲ.

ಆಮೇಲೆ: ಅಳಿಸಿ.

ಮಾರ್ಚ್ ೧೩. ಬೆಳಿಗ್ಗೆ

ಪರದೆಯನ್ನ ಇವಳ ಕಡೆ ತಿರುಗಿಸಿ ಇಟ್ಟೆ. ಎಫ್-ಹನ್ನೆರಡು. ನೀಲಿ. ಕನ್ನಡ. ಮುಂದೆ. ಮುಂದೆ.

ಎಲ್ಲವನ್ನೂ ಅಳಿಸಲಾಗುವುದು. ಮುಂದುವರಿಸಬೇಕೇ?

ನೀನೇ ಒತ್ತು ಅಂದೆ. ಬೇಡ ಅಂತ ಎರಡು ರೆಪ್ಪೆ. ನನ್ನನ್ನೇ ನೋಡಿದಳು. ನಾನು ಒತ್ತಿದೆ. ಒಂದು ಗೆರೆ ನಿಧಾನಕ್ಕೆ ತುಂಬ್ತಾ ಹೋಯ್ತು. ಪಕ್ಕದಲ್ಲಿ ಕೂತು ಇಬ್ಬರೂ ನೋಡಿದ್ವಿ. ಯಾರದ್ದೋ ಮಣ್ಣಿಗೆ ಹೋದ ಹಾಗಿತ್ತು ನನಗೆ.

ಮಧ್ಯಾಹ್ನ

ಕೂತಿತು. ಮೇಡಂ ಹೇಳಿದ ಹಾಗೆ ಬೆಳಕಿನ ಓಟ ತೀರಾ ನಿಧಾನ ಮಾಡಿದೆ, ಸ್ವಿಚ್‌ನ ಸ್ಪ್ರಿಂಗ್ ಸಡಿಲ ಮಾಡಿದೆ. ಇವಳು ಒತ್ತಿದಳು. ತಪ್ಪು ಸಾಲು. ಮತ್ತೆ. ಅರ್ಧ ಗಂಟೆ ಆದಮೇಲೆ ಮಾತು ಬಂತು. ವಾರ್ತೆ ಓದೋಳ ಹಾಗಿರೋ ಯಾವುದೋ ಹೆಂಗಸಿನ ದನಿ.

"ರೀ, ಗಡ್ಡ ಬೋಳಿಸಿಕೊಳ್ಳಿ."

ಅಷ್ಟೇ! ಇಷ್ಟೆಲ್ಲ ಆಗಿ ಮೊದಲು ಹೇಳೋ ಮಾತು ಇದಾ! ನಕ್ಕೆ. ನಗ್ತಾ ನಗ್ತಾ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತು, ಬೋಳಿಸಿಕೊಂಡು ಬಂದೆ.

ಮಾರ್ಚ್ ೧೫

ಮಾತಾಡ್ತಾಳೆ. ದಿನಕ್ಕೆ ಮೂರೋ ನಾಲ್ಕೋ ವಾಕ್ಯ. ಫ್ಯಾನ್ ಕಮ್ಮಿ ಮಾಡಿ. ತಂಗಿಗೆ ಒಂದು ಒಳ್ಳೇ ಚಪ್ಪಲಿ ಕೊಡಿಸಿ, ಕಾಲು ಒಡೆದಿದೆ. ನರ್ಸಮ್ಮನ ಕೈ ತಣ್ಣಗಿರುತ್ತೆ, ಉಜ್ಜಿಕೊಂಡು ಬರಕ್ಕೆ ಹೇಳಿ.

ಯಾಕೆ ಬೋರ್ಡ್ ಕಂಡರೆ ಅಷ್ಟು ಕೋಪ ಅಂತ ಕೇಳಿದೆ. ಉತ್ತರ ಮಧ್ಯಾಹ್ನದಿಂದ ಸಂಜೆವರೆಗೆ ಬಂತು.

"ರೀ, ಬೋರ್ಡಲ್ಲಿ ಅರ್ಧ ಮಾತು ನಿಮ್ಮದೇ."

ಹೌದು. ಎರಡು ಅಕ್ಷರ ಬರೋದ್ರೊಳಗೆ "ನೀರಾ? ಸೆಖೆನಾ?" ಅಂತ ನಾನೇ ಮುಗಿಸಿಬಿಡ್ತಿದ್ದೆ. ಎಷ್ಟು ಸಲ ಅಲ್ಲ ಅನ್ನೋಕೆ ಸುಸ್ತಾಗಿ ಹೂಂ ಅಂದಿದ್ದಾಳೋ.

ಮಾರ್ಚ್ ೧೭

ಇವತ್ತು ಒಂದೇ ಪದ. "ರೀ".

ಮಾರ್ಚ್ ೧೮

ಬೆಳಿಗ್ಗೆಯೇ ಶುರು ಮಾಡಿದಳು. ಉದ್ದದ ಮಾತು ಅಂತ ಗೊತ್ತಾಯ್ತು, ನಡುವೆ ಓದಿಸಲೇ ಇಲ್ಲ. ನಾನು ಬಾಯಿ ಬಿಗಿಹಿಡಿದು ಕೂತೆ. ಬೆಳಕು ಒಂದೊಂದು ಸಾಲಿಗೂ ನಿಂತು ನಿಂತು ಹೋಗುತ್ತೆ. ಇವಳ ಹಣೆಯೆಲ್ಲ ಬೆವರು. ಸಾಕು, ನಾಳೆ ಹೇಳು ಅಂದರೆ ಎರಡು ರೆಪ್ಪೆ. ಸಂಜೆ ಹೊತ್ತಿಗೆ ಉಸಿರು ಸಿಕ್ಕಿಕೊಂಡಿತು, ತುಟಿ ನೀಲಿ... ಆಂಬುಲೆನ್ಸ್.

ಮಾರ್ಚ್ ೨೧. ಆಸ್ಪತ್ರೆ

ಮುಖಕ್ಕೆ ಮಾಸ್ಕ್. ಕಣ್ಣು ಬಿಡಲ್ಲ. ಬಿಟ್ಟರೂ ನನ್ನ ಮೇಲೆ ನಿಲ್ಲಲ್ಲ. ಬೆರಳು ಅಂಗೈಯಲ್ಲಿಟ್ಟು ಬೆಳಗಿನಿಂದ ಕೂತಿದ್ದೀನಿ. ಇಲ್ಲ. ಡಾಕ್ಟರು ಭುಜ ತಟ್ಟಿ ಹೋದರು. ಹಾಗೆ ತಟ್ಟೋದು ಯಾವಾಗ ಅಂತ ಹೆರಿಗೆ ವಾರ್ಡಿನವಳ ಗಂಡನಿಗೆ ಗೊತ್ತಿದೆ.

ಲ್ಯಾಪ್‌ಟಾಪ್ ತಂದು ಮಂಚದ ಪಕ್ಕ ಪ್ಲಗ್ ಹಾಕಿ ಇಟ್ಟಿದ್ದೀನಿ, ಅವಳು ಒತ್ತಿದ್ದು ಅಳಿಯದೆ ಹಾಗೇ ಇತ್ತು. ಆಮೇಲೆ ಆಫ್ ಮಾಡಿಲ್ಲ. ಬೆಳಕು ಓಡ್ತಾನೇ ಇದೆ. ಓದಿಸೋ ಬಟನ್ ನಾನು ಒತ್ತಿಲ್ಲ. ಅವಳು ಮುಗಿಸಿಲ್ಲ.

ತಂಗಿ ಪರದೆ ನೋಡಿ ಕೇಳಿದಳು: "ಭಾವ, ಅಕ್ಕ ಏನು ಹೇಳೋಕೆ ಹೊರಟಿದ್ದಳು?"

ಗೊತ್ತಿಲ್ಲ ಅಂದೆ. ಮೂರು ದಿನದಿಂದ ಮನಸ್ಸು ಅದನ್ನೇ ಮುಗಿಸ್ತಾ ಇದೆ. ಒಂದು ಸಲ ಒಳ್ಳೇದಾಗಿ, ಒಂದು ಸಲ ಕೆಟ್ಟದಾಗಿ. ಒಳ್ಳೇದೇ ಇರಬೇಕು ಅಂತ ಆಸೆ. ಆದರೆ ಅದು ನನ್ನ ಮಾತಾಗುತ್ತೆ. ಇದೊಂದನ್ನಾದರೂ ನಾನು ಮುಗಿಸಬಾರದು. ಅವಳು ಒತ್ತಿದ್ದು ಎಷ್ಟೋ ಅಷ್ಟನ್ನೇ ಇಲ್ಲಿ ಇಳಿಸಿಕೊಳ್ತೀನಿ —

ರೀ, ನೀವು ಸುಳ್ಳು ಹೇಳಿದ ಆ ದಿನಗಳಲ್ಲಿ ನಾನು ನಿಮ್ಮನ್ನ