ಕನ್ನಡಿಯ ಹಣೆಯ ಗುಳ್ಳೆ

ಚನ್ನಪಟ್ಟಣ, ಭಾನುವಾರ

ಮುನಿಸಿಕೊಂಡು ಕೂತಿರುವ ಗೆಳೆಯ ಬೀರೇಶನಿಗೆ,

ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಉತ್ತರವಿಲ್ಲ, ಕೆಣಕಲೆಂದೇ ಫೋಟೋ ಮಾತ್ರ ಕಳಿಸುತ್ತೀಯ. ಇರಲಿ. ಆಪರೇಷನ್ ಆದ ಅಬ್ಬನನ್ನು ಬಿಟ್ಟು ನಾನು ಹಾರೋಹಳ್ಳಿಯ ಲ್ಯಾಬಿಗೆ ಬರಲಾರೆ. ನಮ್ಮ ಜೊತೆ ಕೆಲಸ ಮಾಡುವ ಸುಮನಾ ನಾಳೆ ಇಲ್ಲಿಂದಲೇ ಹೊರಡುತ್ತಾಳೆ, ಅವಳ ಕೈಗೆ ಇದನ್ನು ಕೊಡುತ್ತೇನೆ. ಓದದೆ ಯಂತ್ರ ಮುಟ್ಟಬೇಡ.

ಹೈಡ್ರೋಜನ್ ಅನಿಲದೊಳಗೆ ತೀವ್ರ ಅತಿನೇರಳೆ ಬೆಳಕು ಮಿಂಚಿಸಿ ನಾವು ಮೊದಲ ಸಲ ಪ್ಲಾಸ್ಮಾ ಎಬ್ಬಿಸಿದ ದಿನ ನೆನಪಿದೆಯಾ? ಹಗುರ ಎಲೆಕ್ಟ್ರಾನುಗಳು ಮೊದಲು ಓಡಿಹೋಗುತ್ತವೆ, ಭಾರದ ಅಯಾನುಗಳು ಬೆಳಕು ಆರಿದ ಮೇಲೂ ಉಳಿದು, ಆ ಬೆಳಕನ್ನು ಪ್ರತಿಫಲಿಸಲೆಂದು ತೆಳು ಪದರ ಹಚ್ಚಿದ ನಮ್ಮ ಕನ್ನಡಿಯತ್ತ ಸಾಗುತ್ತವೆ ಎಂದು ನಾನು ಉದ್ದಕ್ಕೆ ಕೊರೆಯುತ್ತಿದ್ದೆ. ಮರಳವಾಡಿಯಲ್ಲಿ ಕುರಿ ಮೇಯಿಸಿ ಬೆಳೆದ ನೀನು ಒಂದೇ ಮಾತಲ್ಲಿ ಮುಗಿಸಿದೆ: “ಮರಿಗಳು ಮುಂದೋಡ್ತವೆ ಕಣ್ಲಾ, ಟಗರು ಹಿಂದಿಂದ ಬತ್ತವೆ. ಗುದ್ದೋದು ಅವೇಯ.” ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ಆ ಮಾತು ನೆನೆದರೆ ಭಯವಾಗುತ್ತದೆ.

ಅಯಾನುಗಳು ಕನ್ನಡಿಯ ಮೇಲೆ ಕೂರುವ ಇಂಗಾಲದ ಮಸಿ ತೆಗೆಯುತ್ತವೆ, ನಿಜ. ಬೇಗ ತೆಗೆಯಲಿ ಎಂದು ನೀನು ಕನ್ನಡಿಗೆ ಋಣ ವೋಲ್ಟೇಜ್ ಕೊಟ್ಟು ಅವನ್ನು ಜೋರಾಗಿ ಎಳೆಯುತ್ತಿದ್ದೀಯ. ಸೋಮವಾರ ಇನ್ನೂ ಏರಿಸುತ್ತೇನೆ ಎಂದು ನೀನಂದೆ, ಬೇಡ ಎಂದು ನಾನಂದೆ, ಅದಕ್ಕೇ ಅಲ್ಲವೇ ಈ ಜಗಳ? “ಬೊಂಬೆ ಮಾಡೋ ಮನೆಯೋರ ಭಯ ಬುಡ್ಲಾ, ಒಸಿ ಕಣ್ಬುಟ್ಟು ನೋಡು, ಹೆಂಗೆ ಫಳಫಳ ಅಂತೈತೆ” ಎಂದು ಕನ್ನಡಿಯ ಪಕ್ಕದಲ್ಲಿಟ್ಟಿದ್ದ ಪರೀಕ್ಷೆಯ ತುಂಡನ್ನು ತೆಗೆದು ತೋರಿಸಿದೆ. ಒಂದು ಕಲೆಯಿಲ್ಲ. ಮಾರಾಯ, ಆ ತುಂಡಿಗೆ ವೋಲ್ಟೇಜಿನ ತಂತಿಯನ್ನೇ ಕೊಟ್ಟಿಲ್ಲವಲ್ಲ. ಗುದ್ದೆಲ್ಲ ಬೀಳುತ್ತಿರುವುದು ಕನ್ನಡಿಗೆ.

ಮೊನ್ನೆಯ ಫೋಟೋದಲ್ಲಿ, ಕನ್ನಡಿಯೊಳಗೆ ನಗುತ್ತಿದ್ದ ನಿನ್ನ ಹಣೆಯ ಮೇಲೊಂದು ಗುಳ್ಳೆ ಕಂಡಿತು. ಸೆಕೆಗೆ ಎದ್ದಿರಬೇಕು ಅಂದುಕೊಂಡೆ. ಇವತ್ತಿನ ಫೋಟೋದಲ್ಲಿ ನೀನು ಎಡಕ್ಕೆ ಸರಿದು ನಿಂತಿದ್ದೀಯ. ಹಣೆ ನುಣ್ಣಗಿದೆ. ಗುಳ್ಳೆ ಇದ್ದಲ್ಲೇ ಇದೆ, ಪಕ್ಕದಲ್ಲಿ ಇನ್ನೂ ಮೂರು. ಹಸಿ ಮರಕ್ಕೆ ಅರಗು ಹಚ್ಚಿದರೆ ನಮ್ಮ ಬೊಂಬೆಗಳ ಬಣ್ಣ ಹೀಗೇ ಏಳುತ್ತದೆ. ಮಸಿ ತೊಳೆದ ಹೈಡ್ರೋಜನ್ನೇ ಪದರದ ಕೆಳಗೆ ನುಗ್ಗಿ ಕೂತಿದೆ ಕಣೋ.

ಇನ್ನೊಂದು ಕನ್ನಡಿ ಕೊಡುವುದಿಲ್ಲ ಎಂದು ಮೇಲಿನವರು ಹೇಳಿಯಾಗಿದೆ. ಈ ಪದರ ಒಡೆದರೆ ನಿನ್ನ ಪಿಎಚ್.ಡಿ. ಅಲ್ಲಿಗೆ ಮುಗಿಯಿತು. ನನಗೆ ನಿನ್ನ ಮೇಲೆ ಕೋಪವಿಲ್ಲ, ಹೆದರಿಕೆಯಿದೆ. ನನ್ನನ್ನು ಬೈದುಕೊಂಡಾದರೂ ಸರಿ, ವೋಲ್ಟೇಜ್ ಇಳಿಸು.

ಇಷ್ಟು ಬರೆದು ಮಡಚುವಾಗ ನಿನ್ನ ಮೆಸೇಜು ಬಂತು: “ನಾಳೆಗಂಟ ಕಾಯಕ್ಕಾಗ್ಲಿಲ್ಲ ಕಣ್ಲಾ, ಏರ್ಸ್‌ಬುಟ್ಟೆ. ಯಾವತ್ತೂ ಇಂಗೆ ಹೊಳೆದಿರ್ಲಿಲ್ಲ.” ಜೊತೆಗೊಂದು ಫೋಟೋ. ತಕ್ಷಣ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಫೋನನ್ನು ಅಬ್ಬನ ದಿಂಬಿನ ಪಕ್ಕ ಮಗುಚಿಟ್ಟು ಕೂತಿದ್ದೇನೆ. ಆ ಫೋಟೋ ಇನ್ನೂ ತೆರೆದಿಲ್ಲ.

ದೇವರು ನಿನ್ನನ್ನು ಕಾಯಲಿ. ಕನ್ನಡಿಗಾಗಿ ಏನು ಬೇಡಿಕೊಳ್ಳಲಿ, ತಿಳಿಯುತ್ತಿಲ್ಲ.

ಜಗಳವಾಡಿದರೂ ನಿನ್ನವನೇ ಆದ,
ಶಾಹಬಾಜ್